ಎಂಎಸ್ಸಿ ನರ್ಸಿಂಗ್‌ಗೆ ಸ್ಕಾಲರ್‌ಶಿಪ್ ನಿಜಕ್ಕೂ ಯಾರಿಗಾದರೂ ಸಿಕ್ಕಿದೆಯಾ? ಮೈಸೂರು, ಮಂಡ್ಯದವರು ಹೇಳಿ

ನೈಟ್_ಡ್ಯೂಟಿ · ಭಾನುವಾರ ಬೆಳಗ್ಗೆ 9:40

ಈಗಷ್ಟೇ ನೈಟ್ ಮುಗಿಸಿ ರೂಮಿಗೆ ಬಂದೆ. ಮೈಯೆಲ್ಲ ಸುಸ್ತು, ಆದರೆ ನಿದ್ದೆ ಹತ್ತುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಊರು ಮಂಡ್ಯದ ಹತ್ತಿರ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೊದಲು ಜಿಎನ್‌ಎಂ ಡಿಪ್ಲೊಮಾ, ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ (ಡಿಪ್ಲೊಮಾ ಆದ ನರ್ಸ್‌ಗಳು ಮಾಡುವ ಡಿಗ್ರಿ), 58 ಪರ್ಸೆಂಟ್. ಒಟ್ಟು ಎಂಟು ವರ್ಷದ ಸರ್ವಿಸ್, ಅದರಲ್ಲಿ ಐದು ವರ್ಷ ಮೆಡಿಕಲ್ ವಾರ್ಡ್. ವಯಸ್ಸು 31.

ಎರಡು ವಾರದ ಹಿಂದೆ ನಮ್ಮ ಇನ್‌ಚಾರ್ಜ್ ಸಿಸ್ಟರ್ ಕೆಲಸ ಬಿಟ್ಟರು. ಆ ಜಾಗ ನನಗೆ ಸಿಗುತ್ತದೆ ಅಂದುಕೊಂಡಿದ್ದೆ. ಎಂಎಸ್ಸಿ ಮುಗಿಸಿ ಒಂದೇ ವರ್ಷ ಆಗಿರುವ ಹುಡುಗಿಯನ್ನು ತಂದು ಕೂರಿಸಿದರು. ಅವಳ ಮೇಲೆ ನನಗೇನೂ ಕೋಪ ಇಲ್ಲ, ಒಳ್ಳೆಯವಳು, ಏನಾದರೂ ಗೊತ್ತಾಗದಿದ್ದರೆ ನನ್ನನ್ನೇ ಕೇಳುತ್ತಾಳೆ. ಅದೇ ಹೊಟ್ಟೆ ಉರಿಸುವುದು.

ಎಂಎಸ್ಸಿ ಮಾಡಬೇಕು. ಪಾಠ ಹೇಳೋಕೆ ಅಲ್ಲ, ವಾರ್ಡ್ ನಡೆಸೋಕೆ. ಆಮೇಲೆ ಸಾಧ್ಯವಾದರೆ ಸ್ವಲ್ಪ ರಿಸರ್ಚ್. ಅಪ್ಪನದು ಒಂದೂವರೆ ಎಕರೆ ಕಬ್ಬು, ತಮ್ಮ ಇನ್ನೂ ಓದುತ್ತಿದ್ದಾನೆ. ಎರಡು ವರ್ಷ ಸಂಬಳ ಇಲ್ಲದೆ, ಮೇಲೆ ಫೀಸೂ ಕಟ್ಟಿ ಓದುವುದು ನನ್ನಿಂದ ಆಗದ ಮಾತು. ನರ್ಸ್‌ಗಳಿಗೆ ಅಂತಲೇ ಲೀಡರ್‌ಶಿಪ್ ಸ್ಕಾಲರ್‌ಶಿಪ್ ಇದೆ ಅಂತ ಎಲ್ಲೆಲ್ಲೋ ಓದಿದೆ. ಇಲ್ಲಿ ಯಾರಿಗಾದರೂ ಸಿಕ್ಕಿದೆಯಾ?

ಮದ್ದೂರ್_ವಡೆ · 9:52

ಸಿಕ್ಕಿದ್ದರೆ ಅವರು ಇಲ್ಲಿ ಯಾಕೆ ಇರ್ತಿದ್ರು ಸಿಸ್ಟರ್ 😄

ಹಳೇ_ಮೇಟ್ರನ್ · 10:15

ಮದ್ದೂರಪ್ಪ, ಬೆಳಗ್ಗೆನೇ ಶುರು ಮಾಡಬೇಡ.

ನೋಡಮ್ಮ, ಮೊದಲು ಅರ್ಹತೆ ವಿಚಾರ. ಐಎನ್‌ಸಿ (ಇಂಡಿಯನ್ ನರ್ಸಿಂಗ್ ಕೌನ್ಸಿಲ್) ನಿಯಮದ ಪ್ರಕಾರ ಎಂಎಸ್ಸಿಗೆ ಬಿಎಸ್ಸಿಯಲ್ಲಿ 55 ಪರ್ಸೆಂಟ್ ಬೇಕು, ನಿನಗೆ ಇದೆ. ಒಂದು ವರ್ಷ ಕೆಲಸದ ಅನುಭವ ಕೇಳುತ್ತಾರೆ. ನೇರ ಬಿಎಸ್ಸಿ ಮಾಡಿದವರಿಗೆ ಅದು ಡಿಗ್ರಿ ಆದ ಮೇಲಿನ ಅನುಭವವೇ ಆಗಿರಬೇಕು. ಪೋಸ್ಟ್ ಬೇಸಿಕ್‌ನವರಿಗೆ ಮುಂಚಿನದ್ದೂ ಲೆಕ್ಕ, ಆಮೇಲಿನದ್ದೂ ಲೆಕ್ಕ. ಹಾಗಾಗಿ ಆ ಬಾಗಿಲು ತೆರೆದೇ ಇದೆ.

ಇಲ್ಲಿನ ಕಾಲೇಜುಗಳಿಗೆ ಈಚೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರವೇಶ ಪರೀಕ್ಷೆ ಇದೆ. ಅದರಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಫೀಸಿನ ಭಾರ ಅರ್ಧ ಇಳಿದಂತೆ. ಸ್ಕಾಲರ್‌ಶಿಪ್ ಹುಡುಕುವ ಮೊದಲು ಆ ಪರೀಕ್ಷೆಗೆ ಓದು. ನಾನು ಸರ್ವಿಸ್‌ನಲ್ಲಿ ಇದ್ದಾಗ ಸರ್ಕಾರಿ ಕಾಯಂ ನರ್ಸ್‌ಗಳನ್ನು ಇಲಾಖೆಯೇ ನಿಯೋಜನೆ ಮೇಲೆ ಓದಲು ಕಳಿಸುತ್ತಿತ್ತು. ಅದಕ್ಕಿಂತ ದೊಡ್ಡ ಸ್ಕಾಲರ್‌ಶಿಪ್ ಬೇರೆ ಇಲ್ಲ. ಆದರೆ ನೀನು ಖಾಸಗಿ.

ಬ್ರದರ್_ಐಸಿಯು · 10:31

ಅಕ್ಕ, ನಾನು ಐಸಿಯುನಲ್ಲಿ ಇರುವವನು. ಎರಡು ಮಾತು.

ಏಮ್ಸ್‌ನಲ್ಲಿ ಎಂಎಸ್ಸಿ ಫೀಸು ನಮ್ಮ ಕಡೆಯ ಖಾಸಗಿ ಕಾಲೇಜಿನ ಹತ್ತಿರಕ್ಕೂ ಬರುವುದಿಲ್ಲ, ಅಷ್ಟು ಕಡಿಮೆ. ಆದರೆ ಅಲ್ಲಿ 60 ಪರ್ಸೆಂಟ್ ಕೇಳುತ್ತಾರೆ, ಎಸ್‌ಸಿ, ಎಸ್‌ಟಿ ಆದರೆ 55. ನಿಮ್ಮ 58 ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ.

ಇನ್ನೊಂದು, ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್. ಅದೂ ಎರಡು ವರ್ಷದ ಪಿಜಿ, ಐಎನ್‌ಸಿಯದ್ದೇ. ರೆಸಿಡೆನ್ಸಿ ಮಾದರಿ, ಅಂದರೆ ಕ್ಲಾಸ್ ರೂಮಿಗಿಂತ ಐಸಿಯುನಲ್ಲೇ ಕಲಿಕೆ ಜಾಸ್ತಿ. ಸೇರುವ ಮೊದಲೇ ಸ್ಟೈಪೆಂಡ್ ಎಷ್ಟು ಅಂತ ಬರಹದಲ್ಲಿ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ. ನಿಮಗೆ ಪಾಠ ಹೇಳುವುದು ಬೇಡ, ರೋಗಿ ಹತ್ತಿರ ಇರಬೇಕು ಅಂದರೆ ಇದು ಹೊಂದುತ್ತದೆ.

ನೈಟ್_ಡ್ಯೂಟಿ · 10:40

ಜನರಲ್ ಕೆಟಗರಿ ಅಲ್ಲ, ಆದರೆ ಎಸ್‌ಸಿ, ಎಸ್‌ಟಿಯೂ ಅಲ್ಲ, ಹಿಂದುಳಿದ ವರ್ಗ 2ಎ. ಹಾಗಾಗಿ 55ರ ರಿಯಾಯಿತಿ ನನಗಿಲ್ಲ. ಏಮ್ಸ್ ಕೈಬಿಟ್ಟೆ. ಕ್ರಿಟಿಕಲ್ ಕೇರ್ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಬ್ರದರ್.

ಮಂಡ್ಯದ_ಹೈದ · 11:20

ನಾನು ಹೇಳುವುದು ಕಹಿ ಅನ್ನಿಸಬಹುದು. ನಮ್ಮ ಅಕ್ಕ ಎಂಎಸ್ಸಿ ನರ್ಸಿಂಗ್ ಮಾಡಿದಳು, ಸಾಲ ಮಾಡಿ. ವಾಪಸ್ ಬಂದಾಗ ಅದೇ ಆಸ್ಪತ್ರೆ, ಅದೇ ವಾರ್ಡು, ಸಂಬಳ ತಿಂಗಳಿಗೆ ಮೂರು ಸಾವಿರ ಜಾಸ್ತಿ. ಬಡ್ಡಿ ಅದಕ್ಕಿಂತ ಜಾಸ್ತಿ ಇತ್ತು. ಕೊನೆಗೆ ಕಾಲೇಜಿಗೆ ಟ್ಯೂಟರ್ ಆಗಿ ಸೇರಿಕೊಂಡಳು. ಲೀಡರ್‌ಶಿಪ್ಪೂ ಇಲ್ಲ, ರಿಸರ್ಚೂ ಇಲ್ಲ, ದಿನಾ ಹುಡುಗಿಯರ ಅಟೆಂಡೆನ್ಸ್ ತಗೊಳ್ಳೋದು. ಸುಮ್ನೆ ಆಸೆ ಹುಟ್ಟಿಸಬೇಡಿ.

ಕಾಲೇಜ್_ಮೇಡಂ · 11:45

ಅಟೆಂಡೆನ್ಸ್ ತಗೊಳ್ಳುವವಳು ನಾನೂ ಒಬ್ಬಳು ಹೈದ ಅವರೇ 🙂 ಬೇಜಾರಿಲ್ಲ, ನೀವು ಹೇಳಿದ್ದರಲ್ಲಿ ನಿಜ ಇದೆ. ನಮ್ಮಲ್ಲಿ ಎಂಎಸ್ಸಿ ಅಂದರೆ ವಾರ್ಡ್ ಬಿಟ್ಟು ಕಾಲೇಜಿಗೆ ಹೋಗುವ ಟಿಕೆಟ್ ಅನ್ನುವ ಹಾಗೆ ಆಗಿದೆ.

ಇನ್ನು ದುಡ್ಡಿನ ವಿಷಯ. ನಮ್ಮ ವಿದ್ಯಾರ್ಥಿಗಳು ನಿಜವಾಗಿ ಅರ್ಜಿ ಹಾಕುವುದು ಎಲ್ಲಿ ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್, ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. ರೈತರ ಮಕ್ಕಳಿಗೆ ಅಂತ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪಿಜಿ ಓದುವ ಹುಡುಗಿಯರಿಗೆ ವರ್ಷಕ್ಕೆ 11,000, ಹುಡುಗರಿಗೆ 10,000 ಅಂತ ನಿಗದಿ ಮಾಡಿದ್ದರು. ನಿಮ್ಮ ಅಪ್ಪನ ಹೆಸರಿನಲ್ಲಿ ಪಹಣಿ ಇದ್ದರೆ ಅದನ್ನು ವಿಚಾರಿಸಿ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲ ಇದೆ. ಅದು ಸಾಲವೇ, ಸ್ಕಾಲರ್‌ಶಿಪ್ ಅಲ್ಲ, ತಿಳಿದು ತಗೊಳ್ಳಿ.

ಇದೆಲ್ಲ ಸೇರಿದರೂ ಹಾಸ್ಟೆಲ್ ಊಟದ ಖರ್ಚು ಹೊರಟೀತು. ಎರಡು ವರ್ಷದ ಸಂಬಳ ಯಾರೂ ತುಂಬಿಕೊಡುವುದಿಲ್ಲ. ನೀವು ಕೇಳಿದ ಹಾಗೆ ನರ್ಸ್‌ಗಳಿಗೇ ಮೀಸಲಾದ ಲೀಡರ್‌ಶಿಪ್ ಸ್ಕಾಲರ್‌ಶಿಪ್ ಅಂತ ಇಷ್ಟು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಗೂ ಇಲ್ಲಿ ಸಿಕ್ಕಿದ್ದು ನೋಡಿಲ್ಲ.

ಮದ್ದೂರ್_ವಡೆ · 11:50

ಯುಜಿಸಿ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ರಿಸರ್ಚ್ ಮಾಡೋಕೆ ಕೊಡೋ ತಿಂಗಳ ಫೆಲೋಶಿಪ್) ತಗೊಳ್ಳೋಕೆ ಆಗಲ್ವಾ? ನಮ್ಮ ಪಕ್ಕದ ಮನೆ ಹುಡುಗ ಮೈಸೂರು ಯೂನಿವರ್ಸಿಟಿ ಗಂಗೋತ್ರಿಯಲ್ಲಿ ಹಿಸ್ಟರಿ ಮಾಡಿ ಈಗ ತಿಂಗಳು ತಿಂಗಳು ಎಣಿಸುತ್ತಾನೆ.

ಕಾಲೇಜ್_ಮೇಡಂ · 12:02

ನೆಟ್ ವಿಷಯಗಳ ಪಟ್ಟಿಯಲ್ಲಿ ನರ್ಸಿಂಗ್ ಇಲ್ಲ. ಇದೇ ನಮ್ಮ ದೊಡ್ಡ ಗೋಳು. ಹಿಸ್ಟರಿಗೆ ಇದೆ, ಜಾನಪದಕ್ಕೆ ಇದೆ, ನಮಗಿಲ್ಲ. ಪಿಎಚ್‌ಡಿ ಮಾಡಬೇಕು ಅನ್ನುವವರಿಗೆ ಐಎನ್‌ಸಿ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸೇರಿ ನಡೆಸುವ ನ್ಯಾಷನಲ್ ಕನ್ಸಾರ್ಟಿಯಂ ಇದೆ, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲವೂ ಇತ್ತು. ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ನನಗೆ ಗೊತ್ತಿರುವವರೆಲ್ಲ ಕೆಲಸ ಮಾಡುತ್ತಲೇ, ಕೈಯಿಂದ ಹಾಕಿಕೊಂಡೇ ಮುಗಿಸಿದ್ದು.

ಲೀಡ್ಸ್_ಕನ್ನಡತಿ · ಮಧ್ಯಾಹ್ನ 2:10

ಮೈಸೂರು ಹುಡುಗಿ, ಈಗ ಇಂಗ್ಲೆಂಡಿನಲ್ಲಿ ನರ್ಸ್. ನೀವು ಓದಿದ ಆ ಲೀಡರ್‌ಶಿಪ್ ಸ್ಕಾಲರ್‌ಶಿಪ್ ಬಹುಶಃ ಇಲ್ಲಿಯ ಫ್ಲಾರೆನ್ಸ್ ನೈಟಿಂಗೇಲ್ ಫೌಂಡೇಶನ್‌ದು. 1934ರಿಂದ ಇರುವ ಸಂಸ್ಥೆ. ನರ್ಸ್ ಮತ್ತು ಮಿಡ್‌ವೈಫ್‌ಗಳಿಗೆ ಲೀಡರ್‌ಶಿಪ್‌ಗೂ ಕೊಡುತ್ತಾರೆ, ರಿಸರ್ಚ್‌ಗೂ ಕೊಡುತ್ತಾರೆ. ಆದರೆ ಅದು ಇಲ್ಲಿ ಕೆಲಸ ಮಾಡುತ್ತಿರುವವರಿಗೆ. ಮೈಸೂರಿನಲ್ಲಿ ಕೂತು ಅರ್ಜಿ ಹಾಕಲು ಬರುವುದಿಲ್ಲ. ಎನ್‌ಐಎಚ್‌ಆರ್ ಅಂತ ಇಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಇನ್ನೊಂದಿದೆ, ನರ್ಸ್‌ಗಳಿಗೆ ಪಿಎಚ್‌ಡಿ ಮಾಡಲು ಸಂಬಳದ ಸಮೇತ ಕೊಡುತ್ತದೆ. ಅದೂ ಇಲ್ಲಿನವರಿಗೇ.

ಭಾರತದಿಂದ ಹಾಕಬಹುದಾದದ್ದು ಬೇರೆ ಇವೆ. ಅವು ನರ್ಸಿಂಗ್ ಹೆಸರಿನಲ್ಲಿ ಇರುವುದಿಲ್ಲ. ಅದಕ್ಕೇ ನಮ್ಮವರ ಕಣ್ಣಿಗೆ ಬೀಳುವುದಿಲ್ಲ.

ಚೀವ್ನಿಂಗ್: ಬ್ರಿಟನ್ ಸರ್ಕಾರದ್ದು, ಇಲ್ಲಿ ಬಂದು ಒಂದು ವರ್ಷದ ಮಾಸ್ಟರ್ಸ್, ಫೀಸು, ವಿಮಾನ, ಖರ್ಚು ಎಲ್ಲ ಅವರದ್ದೇ. ಎರಡು ವರ್ಷ ಕೆಲಸ ಮಾಡಿರಬೇಕು, ಗಂಟೆ ಲೆಕ್ಕದಲ್ಲಿ 2,800. ವಯಸ್ಸಿನ ಮಿತಿ ಇಲ್ಲ. ಓದಿ ಮುಗಿಸಿ ಎರಡು ವರ್ಷ ನಿಮ್ಮ ದೇಶದಲ್ಲಿ ಇರಲೇಬೇಕು. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಅರ್ಜಿ ಶುರು. ಅವರು ಕೇಳುವ ಮೊದಲ ಪ್ರಶ್ನೆಯೇ ಲೀಡರ್‌ಶಿಪ್ ಬಗ್ಗೆ.

ಕಾಮನ್‌ವೆಲ್ತ್ ಸ್ಕಾಲರ್‌ಶಿಪ್: ಇದೂ ಬ್ರಿಟನ್ನಿನಲ್ಲಿ ಓದಲು. ಆರೋಗ್ಯ ವ್ಯವಸ್ಥೆ ಬಲಪಡಿಸುವುದು ಅವರ ವಿಷಯಗಳಲ್ಲಿ ಒಂದು. ಆದರೆ ಡಿಗ್ರಿಯಲ್ಲಿ ಒಳ್ಳೆಯ ಕ್ಲಾಸ್ ಕೇಳುತ್ತಾರೆ. ಅದು ಇಲ್ಲದಿದ್ದರೆ ಜೊತೆಗೊಂದು ಪಿಜಿ ಇರಬೇಕು.

ಫುಲ್‌ಬ್ರೈಟ್ ನೆಹರು ಮಾಸ್ಟರ್ಸ್: ಅಮೆರಿಕಕ್ಕೆ, ಮೂರು ವರ್ಷದ ಅನುಭವ ಬೇಕು. ನರ್ಸಿಂಗ್ ಇಲ್ಲ, ಪಬ್ಲಿಕ್ ಹೆಲ್ತ್ ಇದೆ. ನಾಲ್ಕು ವರ್ಷದ ಡಿಗ್ರಿ ಕೇಳುವುದರಿಂದ ಪೋಸ್ಟ್ ಬೇಸಿಕ್‌ನವರು ಮೊದಲೇ ಬರೆದು ಕೇಳಿಕೊಳ್ಳುವುದು ವಾಸಿ.

ಬ್ರದರ್_ಐಸಿಯು · 2:25

2,800 ಗಂಟೆ 😂 ವಾರಕ್ಕೆ 48, ವರ್ಷಕ್ಕೆ 50 ವಾರ ಅಂದರೆ 2,400. ಎಂಟು ವರ್ಷಕ್ಕೆ 19,200. ಅಕ್ಕ, ನಿಮಗೆ ಹತ್ತಿರ ಹತ್ತಿರ ಏಳು ಚೀವ್ನಿಂಗ್ ಕೊಡಬೇಕು. ಡಬಲ್ ಡ್ಯೂಟಿ ನಾನು ಸೇರಿಸಿಲ್ಲ.

ಹಳೇ_ಮೇಟ್ರನ್ · 2:40

ಎಸ್‌ಸಿ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಇದನ್ನೂ ಓದುವವರು ಬರೆದಿಟ್ಟುಕೊಳ್ಳಿ. ವರಮಾನ 8 ಲಕ್ಷದ ಒಳಗೆ, ವಯಸ್ಸು 35ರ ಒಳಗೆ, 60 ಪರ್ಸೆಂಟ್. ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳೂ ಹಾಕಬಹುದು. ರಾಜ್ಯದ್ದು ಪ್ರಬುದ್ಧ ಯೋಜನೆ, ಎಸ್‌ಸಿ, ಎಸ್‌ಟಿಗೆ, ಸಮಾಜ ಕಲ್ಯಾಣ ಇಲಾಖೆ. ಈ ಹುಡುಗಿಗೆ ಬರದಿದ್ದರೂ ಇಲ್ಲಿ ಓದುವ ಬೇರೆ ಯಾರಿಗಾದರೂ ಬಂದೀತು.

ಅನಾಮಿಕ · 3:30

ಹೆಸರು ಹಾಕಲ್ಲ. ವಿದೇಶದ ಸ್ಕಾಲರ್‌ಶಿಪ್ ಅಂದಮೇಲೆ ಒಂದು ಎಚ್ಚರಿಕೆ. ಮೂರು ವರ್ಷದ ಹಿಂದೆ ಒಬ್ಬ ಏಜೆಂಟ್ ‘ನರ್ಸಿಂಗ್ ಲೀಡರ್‌ಶಿಪ್‌ಗೆ ಫುಲ್ ಸ್ಕಾಲರ್‌ಶಿಪ್, ನೋಂದಣಿ ಮಾತ್ರ 40 ಸಾವಿರ’ ಅಂತ ನನ್ನ ಹತ್ತಿರ ತಗೊಂಡ. ರಸೀದಿ ಕೊಟ್ಟ, ಬಣ್ಣದ ಲೆಟರ್ ಕೊಟ್ಟ. ಆ ಲೆಟರ್‌ನಲ್ಲಿ ಯೂನಿವರ್ಸಿಟಿ ಹೆಸರಿನ ಸ್ಪೆಲಿಂಗೇ ತಪ್ಪಿತ್ತು, ನಾನು ಆಗ ನೋಡಲಿಲ್ಲ. ಆಮೇಲೆ ಫೋನ್ ಸ್ವಿಚ್ ಆಫ್. ಮನೆಯಲ್ಲಿ ಇನ್ನೂ ಹೇಳಿಲ್ಲ.

ಲೀಡ್ಸ್_ಕನ್ನಡತಿ · 3:38

ಛೇ. ಎಲ್ಲರೂ ನೆನಪಿಡಿ, ನಾನು ಮೇಲೆ ಹೇಳಿದ ಯಾವುದಕ್ಕೂ ಅರ್ಜಿ ಶುಲ್ಕ ಇಲ್ಲ. ದುಡ್ಡು ಕೇಳಿದರೆ ಅದು ಸ್ಕಾಲರ್‌ಶಿಪ್ ಅಲ್ಲ.

ಮಂಡ್ಯದ_ಹೈದ · ಸಂಜೆ 5:05

ಸರಿ, ಎಲ್ಲ ಇದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ನರ್ಸ್ ರಿಸರ್ಚ್ ಮಾಡುವುದು ಅಂದರೆ ಏನು? ಔಷಧಿ ಕಂಡುಹಿಡಿಯುತ್ತಾರಾ? ತಿಳಿಯದೆ ಕೇಳುತ್ತಿದ್ದೇನೆ, ಕೊಂಕು ಅಲ್ಲ.

ಲೆಕ್ಕದ_ಮೇಷ್ಟ್ರು · 5:40

ನಾನು ನರ್ಸ್ ಅಲ್ಲ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿ ರಿಟೈರ್ ಆದವನು. ನಮ್ಮ ಮನೆಯವಳು ಹೋದ ವರ್ಷ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು, ಆಗಿನಿಂದ ಈ ವಿಷಯ ಕಂಡರೆ ಓದುತ್ತೇನೆ.

ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದದ್ದು ಎಲ್ಲರಿಗೂ ಗೊತ್ತು. ಆಕೆ ಲೆಕ್ಕದವಳು ಅಂತ ಎಷ್ಟು ಜನಕ್ಕೆ ಗೊತ್ತು? 1858ರಲ್ಲಿ ಆಕೆ ಒಂದು ದುಂಡಗಿನ ನಕ್ಷೆ ಬರೆದು ತೋರಿಸಿದಳು. ಕ್ರಿಮಿಯಾ ಯುದ್ಧದಲ್ಲಿ ಸಿಪಾಯಿಗಳು ಗುಂಡೇಟಿಗಿಂತ ತಡೆಯಬಹುದಾದ ಕಾಯಿಲೆಗಳಿಂದಲೇ ಜಾಸ್ತಿ ಸತ್ತಿದ್ದರು.

ಹತ್ತಿರದ್ದು ಬೇಕಾದರೆ, 2002ರಲ್ಲಿ ಅಮೆರಿಕದಲ್ಲಿ ಲಿಂಡಾ ಐಕನ್ ಅನ್ನುವವರ ತಂಡ ಲೆಕ್ಕ ಹಾಕಿತು. ಆಕೆಯೂ ನರ್ಸೇ. ಒಬ್ಬ ನರ್ಸ್‌ಗೆ ಒಂದು ರೋಗಿ ಜಾಸ್ತಿ ಆದರೆ, ಆಪರೇಶನ್ ಆದವರು 30 ದಿನದೊಳಗೆ ಸಾಯುವ ಸಂಭವ 7 ಪರ್ಸೆಂಟ್ ಏರುತ್ತದೆ ಅಂತ ಕಂಡಿತು. ಇದು ಔಷಧಿ ಅಲ್ಲ ಹೈದಪ್ಪ. ಆದರೆ ಡ್ಯೂಟಿ ಚಾರ್ಟ್ ಬರೆಯುವವರ ಕೈ ನಡುಗಬೇಕಾದ ಲೆಕ್ಕ.

ಬ್ರದರ್_ಐಸಿಯು · 5:52

ಐಎನ್‌ಸಿ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಗೆ ಮೂರು ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗೆ ಐದಕ್ಕೆ ಒಬ್ಬರು. ನೈಟ್ ಡ್ಯೂಟಿ ಅಕ್ಕ, ನಿನ್ನೆ ರಾತ್ರಿ ನಿಮಗೆ ಎಷ್ಟು?

ನೈಟ್_ಡ್ಯೂಟಿ · 6:10

22. ನಾನು ಮತ್ತು ಒಬ್ಬ ಹೊಸ ಹುಡುಗಿ.

ಮೇಷ್ಟ್ರೇ, ನೀವು ಹೇಳಿದ್ದು ಓದಿ ಒಂದು ವಿಷಯ ಹೇಳಬೇಕು ಅನ್ನಿಸಿತು. ನಗಬೇಡಿ. ನನ್ನ ಹತ್ತಿರ 100 ಪುಟದ ಒಂದು ನೋಟ್‌ಬುಕ್ ಇದೆ. ಯಾರಿಗೆ ಯಾವ ದಿನ ಎಷ್ಟು ಗಂಟೆಗೆ ಕ್ಯಾನುಲಾ (ಡ್ರಿಪ್, ಇಂಜೆಕ್ಷನ್ ಕೊಡಲು ನರಕ್ಕೆ ಹಾಕಿಡುವ ಕೊಳವೆ) ಹಾಕಿದರು, ಯಾವ ಕೈ, ಯಾವ ನಂಬರ್ ಸೂಜಿ, ಯಾವಾಗ ಊದಿತು, ಯಾವಾಗ ತೆಗೆದೆವು, ಅದೆಲ್ಲ ಬರೆಯುತ್ತೇನೆ. ಯಾರೂ ಹೇಳಿದ್ದಲ್ಲ. ಒಬ್ಬ ಅಜ್ಜಿಯ ಕೈ ಮುಂಗೈವರೆಗೂ ಕೆಂಪಾಗಿ ಊದಿತ್ತು. ಬೆಳಗಿನವರು ನೈಟ್‌ನವರ ಮೇಲೆ ಹಾಕಿದರು, ನೈಟ್‌ನವರು ಕ್ಯಾಶುಯಾಲ್ಟಿ ಮೇಲೆ ಹಾಕಿದರು. ಅವತ್ತಿನಿಂದ ಬರೆಯೋಕೆ ಶುರು ಮಾಡಿದೆ. ಹದಿನಾಲ್ಕು ತಿಂಗಳಾಯಿತು. ಹೋದ ತಿಂಗಳು 38 ಕ್ಯಾನುಲಾ, 9 ಕಡೆ ಊದಿತ್ತು. ರಾತ್ರಿ ಹೊತ್ತು ಹಾಕಿದ್ದೇ ಜಾಸ್ತಿ ಊದುತ್ತದೆ ಅಂತ ನನ್ನ ಅನುಮಾನ.

ಲೆಕ್ಕದ_ಮೇಷ್ಟ್ರು · 6:24

ನಗುವುದಾ? ಕುರ್ಚಿಯಿಂದ ಎದ್ದು ನಿಂತೆ ತಾಯಿ.

38ಕ್ಕೆ 9 ಅಂದರೆ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು. ಆದರೆ ಒಂದು ಪ್ರಶ್ನೆ. ರಾತ್ರಿ ಹಾಕಿದ್ದಕ್ಕೇ ಊದುತ್ತದಾ, ಅಥವಾ ರಾತ್ರಿ ಬರುವವರೇ ಜಾಸ್ತಿ ಸೀರಿಯಸ್ ಇದ್ದು, ಖಾರದ ಔಷಧಿ ಹೋಗುವುದರಿಂದ ಊದುತ್ತದಾ? ಯಾವ ಇಂಜೆಕ್ಷನ್ ಕೊಟ್ಟಿರಿ ಅನ್ನುವ ಕಾಲಂ ನಿಮ್ಮ ಪುಸ್ತಕದಲ್ಲಿ ಇದೆಯಾ?

ನೈಟ್_ಡ್ಯೂಟಿ · 6:31

ಇಲ್ಲ ಮೇಷ್ಟ್ರೇ. ಇವತ್ತು ರಾತ್ರಿಯಿಂದ ಗೆರೆ ಹಾಕುತ್ತೇನೆ.

ಕಾಲೇಜ್_ಮೇಡಂ · 6:50

ಇದನ್ನೇ ನಾವು ಎಂಎಸ್ಸಿಯವರಿಗೆ ಎರಡು ವರ್ಷ ಹೇಳಿಕೊಡುವುದು. ಹೆಚ್ಚಿನವರು ಥೀಸಿಸ್‌ಗೆ ವಿಷಯ ಇಲ್ಲದೆ ಹಿಂದಿನ ಬ್ಯಾಚ್‌ನದ್ದನ್ನು ತಿರುಗಿಸಿ ಮುರುಗಿಸಿ ‘ಜ್ಞಾನ ಮಟ್ಟದ ಅಧ್ಯಯನ’ ಅಂತ ಮಾಡುತ್ತಾರೆ. ನೀವು ವಿಷಯ ಕೈಯಲ್ಲಿ ಹಿಡಿದು ಬರುತ್ತಿದ್ದೀರಿ.

ಎರಡು ಸೂಚನೆ. ಊದಿದ್ದು ಅಂತ ಸುಮ್ನೆ ಬರೆಯಬೇಡಿ, ವಿಐಪಿ ಸ್ಕೋರ್ (ಕ್ಯಾನುಲಾ ಹಾಕಿದ ನರದ ಉರಿಯೂತವನ್ನು ಕಣ್ಣಲ್ಲಿ ನೋಡಿ ಅಳೆಯುವ ಅಂಕ) ಹಾಕಿ. 0ಯಿಂದ 5. ಚೆನ್ನಾಗಿದ್ದರೆ 0, ಕೆಂಪು, ನೋವು, ಬಾವು, ನರ ಗಟ್ಟಿಯಾಗುವುದು ಹೀಗೆ ಏರುತ್ತಾ ಹೋಗುತ್ತದೆ. ಇನ್ನೊಂದು, ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್ ಆ ಪುಸ್ತಕದಲ್ಲಿ ಇದ್ದರೆ ಮನೆಗೆ ತರಬೇಡಿ, ಫೋಟೋ ತೆಗೆದು ಎಲ್ಲೂ ಹಾಕಬೇಡಿ. ಮುಂದೆ ಇದನ್ನು ರಿಸರ್ಚ್ ಅಂತ ಬಳಸಬೇಕಾದರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು.

ಲೀಡ್ಸ್_ಕನ್ನಡತಿ · 7:15

ನಿಮ್ಮ ಲೀಡರ್‌ಶಿಪ್ ಪ್ರಶ್ನೆಗೆ ಉತ್ತರ ಆ ನೋಟ್‌ಬುಕ್ಕೇ. ‘ನಾನು ಎಂಟು ವರ್ಷ ನಿಷ್ಠೆಯಿಂದ ಸೇವೆ ಮಾಡಿದ್ದೇನೆ’ ಅಂತ ಎಲ್ಲರೂ ಬರೆಯುತ್ತಾರೆ. ನೀವು ಆ ಅಜ್ಜಿಯ ಕೈಯಿಂದ ಶುರು ಮಾಡಿ. ಅಂದಹಾಗೆ, ಆ ಪುಸ್ತಕ ತೋರಿಸಿದ ಮೇಲೆ ವಾರ್ಡಿನಲ್ಲಿ ಏನಾದರೂ ಬದಲಾಯಿತಾ? ಅದನ್ನೂ ಕೇಳುತ್ತಾರೆ.

ನೈಟ್_ಡ್ಯೂಟಿ · 7:20

ಯಾರಿಗೂ ತೋರಿಸಿಲ್ಲ.

ಲೀಡ್ಸ್_ಕನ್ನಡತಿ · 7:21

ತೋರಿಸಿ ಮೊದಲು! ಆ ಹೊಸ ಇನ್‌ಚಾರ್ಜ್ ಹುಡುಗಿಗೇ ತೋರಿಸಿ. ಅವಳಿಗೆ ಎಂಎಸ್ಸಿ ಇದೆ, ನಿಮಗೆ ಪುಸ್ತಕ ಇದೆ.

ಮದ್ದೂರ್_ವಡೆ · 8:00

ಸ್ವಲ್ಪ ಬೇರೆ ಪ್ರಶ್ನೆ. ಈಗ ಸಿಸ್ಟರ್ ಅನ್ನಬೇಕಾ, ನರ್ಸಿಂಗ್ ಆಫೀಸರ್ ಅನ್ನಬೇಕಾ? ಮೊನ್ನೆ ಸಿಸ್ಟರ್ ಅಂದಿದ್ದಕ್ಕೆ ಒಬ್ಬರು ಮುಖ ಗಂಟು ಹಾಕಿಕೊಂಡರು.

ಬ್ರದರ್_ಐಸಿಯು · 8:04

ನನ್ನನ್ನು ಒಬ್ಬ ತಾತ ಒಂದು ವಾರ ‘ಸಿಸ್ಟ್ರಪ್ಪ’ ಅಂತ ಕರೆದರು. ನಾನು ಹೂಂ ಅಂದೆ.

ಹಳೇ_ಮೇಟ್ರನ್ · 8:30

ಹೆಸರು ಆಮೇಲೆ ನೋಡೋಣ. ಹುಡುಗಿ, ಕೆಲಸದ ಮಾತಿಗೆ ಬಾ. ಕೆಇಎ ಆಗಲಿ, ಲಂಡನ್ ಆಗಲಿ, ದಾಖಲೆ ಬೇಕು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಜಿಎನ್‌ಎಂ, ಪೋಸ್ಟ್ ಬೇಸಿಕ್ ಮಾರ್ಕ್ಸ್ ಕಾರ್ಡ್ ಎಲ್ಲ, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಅನುಭವ ಪತ್ರ. ಒರಿಜಿನಲ್ ಎಲ್ಲ ಕೈಯಲ್ಲಿ ಇದೆ ತಾನೇ?

ನೈಟ್_ಡ್ಯೂಟಿ · 8:41

ಒರಿಜಿನಲ್ಸ್ ಆಸ್ಪತ್ರೆಯ ಎಚ್‌ಆರ್ ಹತ್ತಿರ ಇವೆ. ಸೇರುವಾಗ ಎರಡು ವರ್ಷದ ಬಾಂಡ್ ಅಂತ ತಗೊಂಡರು. ಆಮೇಲೆ ನಾನೂ ಕೇಳಲಿಲ್ಲ. ಕೇಳಿದರೆ ಕೆಲಸ ಬಿಡುತ್ತಾಳೆ ಅಂದುಕೊಳ್ಳುತ್ತಾರೆ ಅಂತ.

ಹಳೇ_ಮೇಟ್ರನ್ · 8:43

ಅಯ್ಯೋ ನನ್ನಮ್ಮ. ಬಾಂಡ್ ಮುಗಿದು ಎಷ್ಟು ವರ್ಷ ಆಯಿತು?

ನೈಟ್_ಡ್ಯೂಟಿ · 8:44

ಆರು ಇರಬಹುದು.

ಮಂಡ್ಯದ_ಹೈದ · 8:50

ಇಲ್ಲಿ ಬೆಳಗ್ಗೆಯಿಂದ ಲಂಡನ್, ಅಮೆರಿಕ ಅಂತ ಸುತ್ತುತ್ತಿದ್ದೀವಿ, ಕಾಗದ ಎಚ್‌ಆರ್ ಬೀರುವಿನಲ್ಲಿ ಬಿದ್ದಿದೆ. ಸಿಸ್ಟರ್, ನಾಳೆಯೇ ಹೋಗಿ. ಬಾಯಲ್ಲಿ ಕೇಳಬೇಡಿ, ಎರಡು ಪ್ರತಿ ಅರ್ಜಿ ಬರೆದುಕೊಂಡು ಹೋಗಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಯಾಕೆ ಅಂತ ಕೇಳಿದರೆ ಕೆಇಎ ದಾಖಲೆ ಪರಿಶೀಲನೆಗೆ ಬೇಕು ಅನ್ನಿ, ಅಷ್ಟೇ. ನಮ್ಮ ಅಕ್ಕನೂ ಹೀಗೇ ಸಿಕ್ಕಿಕೊಂಡಿದ್ದಳು. ಒಂದು ವರ್ಷದ ಕೌನ್ಸೆಲಿಂಗ್ ಕೈತಪ್ಪಿತು.

ಅನಾಮಿಕ · 9:15

ಅವರು ಕೊಡುವಾಗ ಒಂದೊಂದೇ ಎಣಿಸಿ ತಗೊಳ್ಳಿ. ‘ಎಲ್ಲ ಇದೆ ಸೈನ್ ಹಾಕಿ’ ಅಂತ ಅವಸರ ಮಾಡುತ್ತಾರೆ.

ನೈಟ್_ಡ್ಯೂಟಿ · ಗುರುವಾರ ಮಧ್ಯಾಹ್ನ 1:15

ನಾಲ್ಕು ದಿನ ಇಲ್ಲಿ ಬರಲಾಗಲಿಲ್ಲ. ಸೋಮವಾರ ಹೋದೆ, ಮೇಡಂ ರಜ ಅಂದರು. ಮಂಗಳವಾರ ಸೀಲು ಹಾಕುವವರು ಇಲ್ಲ. ಬುಧವಾರ ‘ಬಿಡ್ತೀರಾ ಕೆಲಸ?’ ಅಂತ ಮೂರು ಸಲ ಕೇಳಿದರು. ಮೂರು ಸಲವೂ ಕೆಇಎ ಅಂದೆ. ಇವತ್ತು ಬೆಳಗ್ಗೆ ಒಂದು ಕಂದು ಕವರ್ ಕೊಟ್ಟರು. ಅಲ್ಲೇ ನಿಂತು ಎಣಿಸಿದೆ. ಎಲ್ಲ ಇದೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಒಂದು ಮೂಲೆ ಗೆದ್ದಲು ತಿಂದಿದೆ, ಹೆಸರು, ನಂಬರ್, ಅಂಕ ಉಳಿದಿವೆ. ಡ್ಯೂಟಿ ಆಫ್ ಇತ್ತು, ಹಾಗೇ ಬಸ್ ಹತ್ತಿ ಊರಿಗೆ ಬಂದೆ.

ನೋಟ್‌ಬುಕ್ ಇನ್‌ಚಾರ್ಜ್‌ಗೆ ತೋರಿಸಿದೆ. ಅವಳು ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಕ್ಯಾಶುಯಾಲ್ಟಿಯವರಿಗೂ ಇದೇ ಥರ ಒಂದು ಪುಸ್ತಕ ಇಡಿಸೋಣ ಅಂದಳು. ಔಷಧಿ ಕಾಲಂ ಸೇರಿಸಿದ್ದೇನೆ ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು · 1:22

ಭೇಷ್. ಮೂರು ತಿಂಗಳಾದ ಮೇಲೆ ಹೆಸರಿಲ್ಲದೆ ಬರೀ ಅಂಕಿ ಹೇಳಿ, ಕೂಡಿಸಿ ಕೊಡುತ್ತೇನೆ.

ಲೀಡ್ಸ್_ಕನ್ನಡತಿ · 1:30

ಒಂದು ಮುಖ್ಯ ಮಾತು. ಆ ಗೆದ್ದಲು ತಿಂದ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಬೇಡಿ! ಮುಂದೆ ಅಟೆಸ್ಟೇಷನ್‌ಗೆ ಹೋದಾಗ ಲ್ಯಾಮಿನೇಷನ್ ಆದದ್ದನ್ನು ತಗೊಳ್ಳುವುದಿಲ್ಲ. ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಹಾಗೇ ಇಡಿ.

ನೈಟ್_ಡ್ಯೂಟಿ · 1:32

ತಡೀರಿ, ಅಪ್ಪ ಅದನ್ನೇ ಹಿಡಿದುಕೊಂಡು ಈಗಷ್ಟೇ ಜೆರಾಕ್ಸ್ ಅಂಗಡಿಗೆ ಹೊರಟರು. ಫೋನ್ ಮಾಡುತ್ತೇನೆ.